‘ಹೌದು’ ಒತ್ತದ ಫೋಲ್ಡರ್ ಅತ್ತೆ

ಬೆಳಕು ಹರಿಯುವ ಹೊತ್ತು. ಸ್ಕ್ಯಾನಿಂಗ್ ಸೆಂಟರಿನ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಕೇಳುತ್ತದೆ: ಇದೇ ಹೆಸರಿನ ಫೈಲ್ ಇಲ್ಲಿ ಈಗಾಗಲೇ ಇದೆ, ಅದನ್ನು ಅಳಿಸಿ ಇದನ್ನು ಇಡಲೇ? ಶಾಲು ಹೊದ್ದು ಕೂತ ಹೆಂಗಸು ಕನ್ನಡಕ ಮೇಲೇರಿಸಿ ‘ಬೇಡ’ ಒತ್ತುತ್ತಾರೆ. “ಕೇಳೋದು ಅದರ ಕೆಲಸ, ಬೇಡ ಅನ್ನೋದು ನನ್ನ ಕೆಲಸ.”

ಇಲ್ಲಿ ಎಲ್ಲರಿಗೂ ಅವರು ಫೋಲ್ಡರ್ ಅತ್ತೆ. ಯಂತ್ರ ತೆಗೆದ ಚಿತ್ರಗಳನ್ನು ಕಾಪಿ ಮಾಡಿ ಆಯಾ ರೋಗಿಯ ಫೋಲ್ಡರಿಗೆ ಸೇರಿಸುವುದು ಅವರ ಪಾಲಿನ ದುಡಿಮೆ. ದಿನಕ್ಕೆ ಇನ್ನೂರರಷ್ಟು ಚಿತ್ರಗಳು ಅವರ ಕೈ ದಾಟುತ್ತವೆ. ಬೋರ್ಡಿನ ಮೇಲೆ ಇರುವುದು ಮಾತ್ರ ಡಾಕ್ಟರ ಹೆಸರು.

ಮೊದಲು ಅವರು ಬಟ್ಟೆ ಹೊಲಿಯುತ್ತಿದ್ದರು. ಬೆನ್ನು ಕೈಕೊಟ್ಟಾಗ, ಐವತ್ತರ ವಯಸ್ಸಿನಲ್ಲಿ, ಸೊಸೆಯಿಂದ ಮೌಸ್ ಹಿಡಿಯಲು ಕಲಿತರು. ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದಾರೆ. ಒಲೆ ಉರಿಯುವುದು ಈ ಸಂಬಳದಿಂದಲೇ. “ಒಂದೇ ಹೆಸರಿನ ಇಬ್ಬರ ಅಂಗಿ ಅದಲುಬದಲಾದ್ರೆ ಬೈಸ್ಕೊಂಡು ಸರಿ ಮಾಡ್ಬೋದಿತ್ತು. ಶ್ವಾಸಕೋಶ ಅದಲುಬದಲಾದ್ರೆ ಎಲ್ಲಿ ಬಿಚ್ಚಿ ಹೊಲೀಲಿ?”

ಈಗ ಆ ಸಂಬಳಕ್ಕೇ ಕುತ್ತು ಬಂದಿದೆ. ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಲಿದೆ; ಅದರಲ್ಲಿರುವುದೆಲ್ಲ ಹೊಸದಕ್ಕೆ ಸಾಗಬೇಕು. ‘ಎಲ್ಲಕ್ಕೂ ಹೌದು’ ಎಂದು ಒತ್ತಿದರೆ ಒಂದೇ ರಾತ್ರಿಯಲ್ಲಿ ಮುಗಿಯುವ ಕೆಲಸ. ಅತ್ತೆ ಮಾತ್ರ ಹೆಸರು ಒಂದೇ ಆದಾಗಲೆಲ್ಲ ಎರಡೂ ಚಿತ್ರ ತೆರೆದು, ವಯಸ್ಸು, ತಾರೀಖು ನೋಡಿ, ಬೇರೆ ಬೇರೆ ಇಡುತ್ತಾರೆ. ಮೂರು ದಿನವಾದರೂ ಅರ್ಧ ಬಾಕಿಯಿದೆ. ಹೂಂ ಅಂದವರಿಗೆ ಬಡ್ತಿ ಸಿಗುವ ಕಾಲವಿದು. ಈ ಹೆಂಗಸು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ.

ಬಾಗಿಲು ತೆರೆಯುತ್ತಲೇ ಮ್ಯಾನೇಜರ್ ಬರುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇದೆ.

“ಅತ್ತೆ, ಇವತ್ತು ಮುಗಿಸ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡಿ. ಹಳೇ ಚಿತ್ರ ಯಾರಿಗ್ ಬೇಕು?” ಎಂದು ಮೌಸಿಗೆ ಕೈ ಹಾಕುತ್ತಾರೆ. ಅತ್ತೆ ಅದರ ಮೇಲೆ ಅಂಗೈ ಊರುತ್ತಾರೆ.

“ನೋಡಿ ಮ್ಯಾನೇಜ್ರೇ, ಇವಳು ಮೊನ್ನೆ ಕೆಮ್ಮು ಅಂತ ಬಂದೋಳು. ಇವಳದೇ ಹೆಸರಿನ ಈ ಅಜ್ಜಿ ತಿಂಗಳು ತಿಂಗಳೂ ಗಡ್ಡೆ ತೋರಿಸ್ಕೊಳ್ಳೋಕೆ ಬರ್ತಾರೆ. ಗಡ್ಡೆ ಬೆಳೀತಾ, ಕುಗ್ಗಿತಾ ಅಂತ ಡಾಕ್ಟ್ರು ಹಳೇದನ್ನ ಇಟ್ಕೊಂಡೇ ನೋಡ್ಬೇಕು. ಯಾರ ಮೇಲೆ ಯಾರನ್ನ ಹಾಕ್ಲಿ, ನೀವೇ ಹೇಳಿ.”

ಮ್ಯಾನೇಜರ್ ಕೈ ಹಿಂದೆಗೆಯುತ್ತಾರೆ. “ಡಾಕ್ಟ್ರ ಹತ್ರಾನೇ ಮಾತಾಡ್ತೀನಿ” ಎಂದು ದಡದಡನೆ ಹೊರಟುಹೋಗುತ್ತಾರೆ.

ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದರೆ ಅತ್ತೆ ಸುಳ್ಳು ಹೇಳುವುದಿಲ್ಲ. “ಆಗುತ್ತೆ. ಯಜಮಾನ್ರ ಮಾತ್ರೆಗೆ ಏನ್ ಮಾಡ್ಲಿ ಅಂತ ನಿದ್ದೆ ಬರ್ಲಿಲ್ಲ.” ಕೈ ಮುಂದಿನ ಚಿತ್ರ ತೆರೆಯುತ್ತಿದೆ. “ನನ್ನ ಹೊರಗೆ ಹಾಕ್ಬೇಕು ಅಂದ್ರೆ ಹಾಕ್ಲಿ, ಹೋಗ್ತೀನಿ. ಆದ್ರೆ ನನ್ನ ಕೈಯಿಂದ ಇವರಲ್ಲಿ ಒಬ್ಬರನ್ನೂ ಹೊರಗೆ ಹಾಕ್ಸೋಕೆ ಅವರಪ್ಪನ ಕೈಲೂ ಆಗಲ್ಲ.”