ಸ್ಕ್ಯಾನಿಂಗ್ ಅಂದರೆ ಬಸಿರು

ಅಂಬಾಜಿದುರ್ಗದ ತಪ್ಪಲಿನ ನಮ್ಮೂರಲ್ಲಿ ಆಗ ಮೂಳೆ ಮುರಿದರೆ ಎಕ್ಸ್‌ರೇ, ಹೊಟ್ಟೆಯಲ್ಲಿ ಮಗುವಿದ್ದರೆ ಸ್ಕ್ಯಾನಿಂಗ್. ಇನ್ನೊಂದು ಅರ್ಥವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬಿ.ಎಡ್. ಓದುತ್ತಿದ್ದ ನನಗೂ ಅಷ್ಟೆ.

ಊಟವಾದ ಮೇಲೆ ಬಲಪಕ್ಕೆಯಲ್ಲಿ ಹಿಂಡಿದಂಥ ನೋವು ಬರುತ್ತಿತ್ತು. ಚಿಂತಾಮಣಿಯ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಬೆಳಿಗ್ಗೆ ಏನೂ ತಿನ್ನದೆ ಬಂದು ಸ್ಕ್ಯಾನಿಂಗ್ ಮಾಡಿಸ್ಕೊಮ್ಮ" ಅಂದರು. ಮನೆಯಲ್ಲಿ ಆ ಮಾತೆತ್ತಲು ನಾಚಿಕೆ. ಕಾಲೇಜಿಗೆಂದು ಹೇಳಿ ಒಬ್ಬಳೇ ಹೋದೆ. ಬೆಂಚಿನ ತುಂಬ ಬಸುರಿಯರು. ತಾಳಿಯಿಲ್ಲದ ಕೊರಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತೆ. ಸೊಸೆಯನ್ನು ಕರೆತಂದಿದ್ದ ನಮ್ಮೂರಿನ ಹೆಂಗಸೊಬ್ಬರು ನೋಡಿಯೇಬಿಟ್ಟರು.

"ಏಮ್ಮಾ, ನೀನೇನು ಇಲ್ಲಿ?"

"ಹೊಟ್ಟೆನೋವು ಅಕ್ಕ."

"ಹೂಂ" ಎಂದವರ ಕಣ್ಣು ನನ್ನ ಹೊಟ್ಟೆಯ ಮೇಲೇ ನಿಂತಿತ್ತು.

ಸಂಜೆ ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಅಮ್ಮ ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದಳು: "ನಿಜ ಹೇಳಮ್ಮ, ಎಷ್ಟು ತಿಂಗಳು?"

ಚೀಲದಿಂದ ಸ್ಕ್ಯಾನಿಂಗ್ ಚಿತ್ರ ತೆಗೆದು ಕೊಟ್ಟೆ. ಬೂದಿ ಬಳಿದಂಥ ಆ ಕಾಗದದಲ್ಲಿ ಅವಳ ಬೆರಳು ಒಂದು ಬಿಳಿ ಉಂಡೆಯ ಮೇಲೆ ನಿಂತಿತು. "ಇದೇ ಅಲ್ವೇನೆ, ಮಗು?"

"ಅದು ಕಲ್ಲಮ್ಮ. ಪಿತ್ತಕೋಶದಲ್ಲಿ ಕಲ್ಲು."

ಅವಳು ನಂಬಲಿಲ್ಲ. ನನ್ನ ಹೆತ್ತವಳ ಎದುರು ನಿಂತು, ನಾನು ಅಂಥವಳಲ್ಲ ಎಂದು ಸಾಬೀತು ಮಾಡಬೇಕಾಯಿತಲ್ಲ ಎಂಬುದಕ್ಕೇ ನಾಚಿ ಅತ್ತೆ.

ಮರುದಿನ ಅಮ್ಮ ತಾನೇ ಡಾಕ್ಟರಮ್ಮನ ಎದುರು ಕೂತು, "ಕಲ್ಲಾದ್ರೆ ಎಕ್ಸ್‌ರೇ ತೆಗೀಬೋದಿತ್ತಲ್ಲ ತಾಯಿ?" ಎಂದಳು.

"ಎಕ್ಸ್‌ರೇಲಿ ಮೂಳೆ ಚೆನ್ನಾಗಿ ಕಾಣುತ್ತೆ. ಈ ಕಲ್ಲು ಎಷ್ಟೋ ಸಲ ಕಾಣೋದೇ ಇಲ್ಲ. ಇದು ಕಿವಿಗೆ ಕೇಳ್ಸದಿರೋ ಶಬ್ದ ಕಣಮ್ಮ. ಒಳಗೆ ಹೋಗಿ ತಟ್ಟಿ ವಾಪಸ್ ಬರುತ್ತೆ, ಬಾವಿಯೊಳಕ್ಕೆ ಕೂಗಿದ ಹಂಗೆ. ಮಗು ಇದ್ರೆ ಮಗು ತೋರ್ಸುತ್ತೆ, ಕಲ್ಲಿದ್ರೆ ಕಲ್ಲು." ಸಿಟಿ ಸ್ಕ್ಯಾನ್ ಅಂದರೆ ಎಕ್ಸ್‌ರೇಯನ್ನೇ ಸುತ್ತ ತಿರುಗಿಸಿ ಹೋಳು ಹೋಳಾಗಿ ನೋಡುವುದು, ಎಂಆರ್‌ಐಗೆ ದೊಡ್ಡ ಅಯಸ್ಕಾಂತ, ಅವೆರಡೂ ನನಗೆ ಬೇಕಿಲ್ಲ ಎಂದೂ ವಿವರಿಸಿದರು.

ಅಮ್ಮ ಎದ್ದೇಳಲಿಲ್ಲ. ಸೆರಗಿನ ತುದಿ ತಿರುಚುತ್ತಾ ಕೂತವಳು ನನ್ನ ಕಡೆ ನೋಡದೆ ಕೇಳಿದಳು: "ಮುಟ್ಟು ನಿಲ್ಲೋ ವಯಸ್ಸಲ್ಲಿ ನಿಲ್ದೇ ಹೋಗ್ತಾ ಇದ್ರೆ... ಅದೂ ಇದ್ರಲ್ಲಿ ಕಾಣುತ್ತಾ?"

ವರ್ಷದಿಂದ ಅಮ್ಮನಿಗೆ ರಕ್ತ ಹೋಗುತ್ತಿತ್ತಂತೆ. ಸ್ಕ್ಯಾನಿಂಗ್ ಬರೆದುಕೊಟ್ಟರೆ, ಈ ವಯಸ್ಸಲ್ಲಿ ಬಸುರಿಯರ ಸಾಲಲ್ಲಿ ಕೂರಬೇಕಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಅದೇ ಬೆಂಚಿನ ಮೇಲೆ, ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಪಕ್ಕ ಕೂತಳು. ಸ್ಕ್ಯಾನಿಂಗ್‌ಗೆ ಮೂತ್ರಕೋಶ ತುಂಬಿರಬೇಕು ಅಂದಿದ್ದಕ್ಕೆ ಗಟಗಟನೆ ನೀರು ಕುಡಿದು, ಮೂತ್ರ ತಡೆಯಲಾಗದೆ ನನ್ನ ಕೈ ಹಿಡಿದಳು. ಯಾರಾದರೂ ಒಳಗೆ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೇ ತಲೆ ತಗ್ಗಿಸುತ್ತಿದ್ದೆವು.

ಗರ್ಭಕೋಶದಲ್ಲಿ ಗಡ್ಡೆ. ಕ್ಯಾನ್ಸರ್ ಅಲ್ಲವೆಂದು ಆಪರೇಷನ್ ಆದ ಮೇಲೆ ತಿಳಿಯಿತು. ಮುಂದೆ ನನ್ನ ಕಲ್ಲನ್ನೂ ತೆಗೆದರು. ನೋಡಲು ಬಂದವರಿಗೆಲ್ಲ ಅಮ್ಮ ಇಬ್ಬರದೂ ಅಪೆಂಡಿಕ್ಸ್ ಎಂದೇ ಹೇಳಿದಳು, ನಾನೂ ಹೂಂಗುಟ್ಟಿದೆ. ಆ ಸಂಜೆಯ ಪ್ರಶ್ನೆಯ ಬಗ್ಗೆ ಮಾತ್ರ ಅವಳು ಎಂದೂ ಮಾತೆತ್ತಲಿಲ್ಲ. ನಾನು ಚೇತರಿಸಿಕೊಳ್ಳುವಾಗ ತಿಂಗಳುಗಟ್ಟಲೆ ಎಣ್ಣೆಯಿಲ್ಲದ ಸಾರು ಮಾಡಿ, ನನಗೆ ಬಡಿಸಿ, ತಾನೂ ಅದನ್ನೇ ಉಂಡಳು.