ಕಾಲುಪಟ್ಟಿ ಕಟ್ಟಿಕೊಂಡ ವೆಲ್ಮಾ

ಒಹಾಯೊ ನದಿದಂಡೆಯ ನಮ್ಮ ಊರಿಗೆ ಇನ್ನೂ ಬೆಳಕು ಬಿದ್ದಿಲ್ಲ. ಮಾಂಸದ ಕಾರ್ಖಾನೆಯ ಕೋಲ್ಡ್ ಸ್ಟೋರೇಜ್ ಬಾಗಿಲಲ್ಲಿ ವೆಲ್ಮಾ ಟಿಸ್ಡೇಲ್ ಸ್ಟೂಲಿನ ಮೇಲೆ ಕೂತು, ಕಪ್ಪು ಪಟ್ಟಿಯೊಂದನ್ನು ತಮ್ಮ ಕಾಲಿಗೆ ತಾವೇ ಬಿಗಿದುಕೊಳ್ಳುತ್ತಿದ್ದಾರೆ. ಜೈಲಿನ ಬದಲು ಹೊರಗಿರಲು ನ್ಯಾಯಾಲಯ ಬಿಟ್ಟವರ ಕಾಲಿಗೆ ಕಟ್ಟುವ ಪಟ್ಟಿ ಅದು. ಅವರು ಎಲ್ಲಿದ್ದಾರೆಂದು ಗಳಿಗೆಗಳಿಗೆಗೂ ಕಚೇರಿಗೆ ಹೇಳುತ್ತಿರುತ್ತದೆ.

"ಏನ್ ಮಿಸ್ ವೆಲ್ಮಾ, ಕೊನೆಗೂ ನಿಮ್ಮನ್ನೇ ಹಿಡಿದ್ರಾ?" ಮೇಸ್ತ್ರಿ ಗಸ್ ಕಿಚಾಯಿಸುತ್ತಾನೆ.

"ಹ್ಞೂಂ ಕಣಪ್ಪ. ನಿನ್ನ ಹೆಸರೂ ಹೇಳಿದೀನಿ. ಬಾಗಿಲು ತೆಗಿ."

ವೆಲ್ಮಾ ಹಾಗೆ ಹೊರಗೆ ಬಿಟ್ಟವರ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿ. ಅವರ ನಿಗಾದಲ್ಲಿರುವ ಕರ್ಟಿಸ್ ಬೂನ್ ಇಲ್ಲಿ ಬೆಳಗಿನ ಪಾಳಿಯಲ್ಲಿ ಮಾಂಸದ ಪೆಟ್ಟಿಗೆ ಹೊರುತ್ತಾನೆ. ಕಳೆದ ವಾರ ಪಾಳಿಯ ಹೊತ್ತಲ್ಲೇ ಅವನ ಪಟ್ಟಿ ಕಚೇರಿಗೆ ಏನೂ ಹೇಳದೆ ಪದೇ ಪದೇ ಮೂಕವಾಗಿದೆ. ಏನೋ ಕೈಚಳಕ ಮಾಡಿ ಎಲ್ಲಿಗೋ ಹೋಗಿದ್ದಾನೆ ಎಂದು ಕಚೇರಿಯವರು ತೀರ್ಮಾನಿಸಿದ್ದಾರೆ. ಈ ಕೋಲ್ಡ್ ಸ್ಟೋರೇಜ್ ಒಳಗೇ ಇದ್ದೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಹೌದು, ಇಲ್ಲೇ ಇದ್ದ ಎಂದ ಗಸ್‌ನ ಮಾತನ್ನು ಗೆಳೆಯನ ಮಾತೆಂದು ತಳ್ಳಿದ್ದಾರೆ. ಇವತ್ತು ವಿಚಾರಣೆ. ಆರೋಪ ನಿಂತರೆ ಕರ್ಟಿಸ್ ಮತ್ತೆ ಜೈಲಿಗೆ, ಅವನ ಪುಟ್ಟ ಮಗಳು ಮತ್ತೆ ಪರರ ಮನೆಗೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಲೇ ವೆಲ್ಮಾ ಸಂಜೆ ಕಾಲೇಜಿನಲ್ಲಿ ಅಪರಾಧ ಮತ್ತು ನ್ಯಾಯಾಡಳಿತ ಓದಿದವರು. ತರಗತಿಯಲ್ಲಿ ತೂಕಡಿಸದಿರಲೆಂದು ಹಿಂದಿನ ಗೋಡೆಗೆ ಒರಗಿ ನಿಂತೇ ಪಾಠ ಕೇಳಿದವರು. ಜೊತೆಗೆ ಓದಿದವರಲ್ಲಿ ಒಬ್ಬ ಪೊಲೀಸ್ ಆದ, ಇನ್ನೊಬ್ಬ ಬೆರಳಚ್ಚು ಪರೀಕ್ಷಕ. ಒಬ್ಬಳು ಜೈಲಿನ ಕಾವಲಿಗೆ ಹೋದಳು, ಮತ್ತೊಬ್ಬಳು ನೊಂದವರ ಕೈಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿಸುತ್ತಾಳೆ. ಕಳ್ಳನ ಹಿಂದೆ ಓಡಿದರೆ ಹೆಸರು ಬರುತ್ತದೆ. ಕಳ್ಳನಾಗಿದ್ದವನ ಪಕ್ಕದಲ್ಲಿ ನಡೆದರೆ ಯಾರು ನೋಡುತ್ತಾರೆ? ವೆಲ್ಮಾ ಅದನ್ನೇ ಆರಿಸಿಕೊಂಡರು. ನಲವತ್ತಕ್ಕೂ ಹೆಚ್ಚು ಮನೆಗಳು ಅವರ ಪಾಲಿಗೆ. ಸರ್ಕಾರಿ ಕಾರನ್ನು ಪಕ್ಕದ ಬೀದಿಯಲ್ಲೇ ಬಿಟ್ಟು ನಡೆದು ಬರುತ್ತಾರೆ, ಆ ಮನೆಯವರು ನೆರೆಯವರ ಬಾಯಿಗೆ ಆಹಾರವಾಗಬಾರದೆಂದು.

"ಕೇಳಿದ್ದು ಬರೀಬೇಡಿ, ಹೋಗಿ ನೋಡಿ ಬರೀರಿ ಅನ್ನೋರು ನಮ್ ಮೇಷ್ಟ್ರು. ಅಪರಾಧ ನಡೆದ ಜಾಗ ಎಲ್ರೂ ನೋಡ್ತಾರೆ. ನಡೀದೇ ಇರೋ ಜಾಗನೂ ಯಾರಾದ್ರೂ ನೋಡ್ಬೇಕಲ್ವಾ?" ಎಂದು ಗಸ್‌ಗೆ ಹೇಳಿ ವೆಲ್ಮಾ ಒಳಗೆ ಹೆಜ್ಜೆಯಿಡುತ್ತಾರೆ.

ಉಕ್ಕಿನ ಬಾಗಿಲು ಅವರ ಹಿಂದೆ ಮುಚ್ಚಿಕೊಳ್ಳುತ್ತದೆ. ಗಸ್ ಕಿವಿಗೆ ಫೋನು ಹಿಡಿದು ನಿಂತಿದ್ದಾನೆ. ಆ ಕಡೆ ಕಚೇರಿಯಲ್ಲಿ ವೆಲ್ಮಾರ ಸಹೋದ್ಯೋಗಿ ಪರದೆ ನೋಡುತ್ತಿದ್ದಾಳೆ.  ಆಮೇಲೆ ಗಸ್‌ನ ಮುಖ ಅರಳುತ್ತದೆ. ಬಾಗಿಲು ತೆರೆದು, ರೆಪ್ಪೆಯಲ್ಲಿ ಹಿಮ ಹಿಡಿದು ನಿಂತ ವೆಲ್ಮಾರಿಗೆ ಹೇಳುತ್ತಾನೆ: "ಪರಾರಿ ಅಂತೆ ನೀವು. ನಿಮ್ಮ ಪಟ್ಟಿನೂ ಒಳಗೆ ಮೂಕ ಆಯ್ತಂತೆ."

ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದ್ದು ಒಂದೇ, ತಾವೇ ಒಳಗೆ ಹೋಗಿದ್ದಿರಾ ಎಂದು. ವೆಲ್ಮಾ ಹೌದೆನ್ನುತ್ತಾರೆ. ಆರೋಪ ಬಿದ್ದುಹೋಗುತ್ತದೆ.

ಹೊರಗಿನ ಬೆಂಚಿನ ಬಳಿ ಕರ್ಟಿಸ್ ಕೇಳುತ್ತಾನೆ: "ಮಿಸ್ ವೆಲ್ಮಾ, ಒಳಗೆ ಚಳಿ ಇತ್ತಾ?"

"ಇತ್ತು ಕಣೋ. ನಾಳೆಯಿಂದ ದಪ್ಪ ಸಾಕ್ಸ್ ಹಾಕ್ಕೊಂಡು ಹೋಗು."

ಮಗಳು ಪೊಲೀಸಾ ಎಂದು ಭಾನುವಾರ ಚರ್ಚಿನಲ್ಲಿ ಯಾರಾದರೂ ಕೇಳಿದರೆ ವೆಲ್ಮಾರ ವೃದ್ಧ ತಾಯಿ ಸ್ತೋತ್ರದ ಪುಸ್ತಕ ಮಡಚಿ, ಅಲ್ಲ, ನನ್ನ ಮಗಳು ಹೋಗಿ ನೋಡೋಳು, ಅನ್ನುತ್ತಾರಂತೆ. ಅಮ್ಮನ ಆ ಮಾತನ್ನು ನಮಗೆ ಹೇಳುವಾಗ ಮಾತ್ರ ವೆಲ್ಮಾರ ಬೆನ್ನು ನೆಟ್ಟಗಾಗುತ್ತದೆ.

"ಅಷ್ಟು ಹುದ್ದೆ ಸಾಕು ನಂಗೆ."