ಕೌದಿಯ ಹೊಟ್ಟೆ

ನಮ್ಮ ನಡುಕೋಣೆಯ ಮರದ ಪೆಟ್ಟಿಗೆಯ ಮೇಲೆ ಒಂದು ಕೌದಿ ವರ್ಷದಿಂದ ಮಡಿಸಿದಂತೆಯೇ ಇತ್ತು. ಕೆಲಸವೆಲ್ಲ ಮುಗಿದಿತ್ತು, ನಟ್ಟನಡುವಿನ ಅಂಗೈಯಗಲದ ಜಾಗವೊಂದನ್ನು ಬಿಟ್ಟು. ಅಲ್ಲಿ ಮೇಲಿನ ಕೆಂಪು ತುಂಡು ಬಾಯಿ ತೆರೆದ ಜೇಬಿನಂತೆ ಉಳಿದಿತ್ತು. ಮನೆಗೆ ಬಂದವರು ಯಾರಾದರೂ ಬಿಡಿಸಿ ನೋಡಿ, "ಇಷ್ಟು ಹೊಲ್ದೋರಿಗೆ ಅಷ್ಟು ಹೊಲಿಯಕ್ಕೆ ಏನಾಗಿತ್ತು?" ಎಂದು ಕೇಳಿದರೆ ಅಮ್ಮ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆತನ. ಅಮ್ಮ ಮತ್ತು ದೊಡ್ಡಮ್ಮ ಒಡಹುಟ್ಟಿದವರು; ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಶುಂಠಿ, ಜೋಳದ ಕೆಲಸ ಇಳಿದ ದಿನಗಳಲ್ಲಿ ಇಬ್ಬರೂ ಹಳೆಯ ಸೀರೆಗಳನ್ನು ನೆಲದ ಮೇಲೆ ಪದರಪದರವಾಗಿ ಹಾಸಿ, ಎದುರುಬದುರು ಅಂಚಿನಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ಹೊಲಿಗೆ ಸುತ್ತು ಬರುತ್ತ ಬರುತ್ತ ಒಳಗೆ ಸರಿಯುತ್ತದೆ, ಅವರೂ ಬಟ್ಟೆಯ ಮೇಲೆಯೇ ಸರಿಯುತ್ತಾರೆ. ಕೊನೆಗೆ ನಡುವಿಗೆ ಬಂದಾಗ ಇಬ್ಬರ ಮಂಡಿಗಳೂ ತಾಗುತ್ತವೆ. ಆಗ ಅಮ್ಮ ಸೂಜಿ ಕೆಳಗಿಡುತ್ತಾಳೆ. ದೊಡ್ಡಮ್ಮ ಆ ಜೇಬಿನೊಳಗೆ ಒಂದು ಚಿಟಿಕೆ ಅಕ್ಕಿ ಹಾಕಿ ಬಾಯಿ ಹೊಲಿಯುತ್ತಾಳೆ. ಕೌದಿಯ ಹೊಟ್ಟೆ ತುಂಬಿಸುವುದು ಎಂದರೆ ಇದು. ಮನೆಯ ಹಿರಿಯ ಹೆಂಗಸೇ ಅದನ್ನು ಮಾಡಬೇಕು. ಹೊಟ್ಟೆ ತುಂಬದ ಕೌದಿಯನ್ನು ಯಾರೂ ಹೊದೆಯುವುದಿಲ್ಲ, ಅದು ಮನೆಯಲ್ಲಿರುವಾಗ ಇನ್ನೊಂದನ್ನು ಶುರು ಮಾಡುವುದೂ ಇಲ್ಲ.

ಈ ಕೌದಿ ನಡುವಿಗೆ ಬರುವ ಹೊತ್ತಿಗೆ ದೊಡ್ಡಮ್ಮನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಜೋಮು ಹಿಡಿದವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು, ನೋವು ಹೋಯಿತು, ಬೆರಳ ತುದಿಯ ಹಿಡಿತ ಮಾತ್ರ ಮರಳಲಿಲ್ಲ. ಕುಡುಗೋಲು ಹಿಡಿಯಬಲ್ಲಳು, ಬಿಂದಿಗೆ ಎತ್ತಬಲ್ಲಳು, ಸೂಜಿ ನಿಲ್ಲುವುದಿಲ್ಲ. ಮುಷ್ಟಿ ಉಳಿದಿತ್ತು, ಚಿಟಿಕೆ ಹೋಗಿತ್ತು.

"ನೀನೇ ಮುಗ್ಸೇ," ಎಂದಳು ದೊಡ್ಡಮ್ಮ. "ಯಾರಾರ ಹೊಲ್ದು ಮುಗ್ಸಿ ಅತ್ಲಾಗೆ. ನನ್ ಕೈ ನೆಚ್ಕೊಂಡು ಕೂತ್ರೆ ಅದ್ರಲ್ಲಿ ಇಲಿ ಮರಿ ಹಾಕ್ತವೆ."

"ಅಕ್ಕ ಕಣ್ಮುಂದೆ ಓಡಾಡ್ಕೊಂಡಿರೋವಾಗ ನಾನ್ಯಾವಳು ಅದ್ಕೆ ಕೈ ಹಾಕಕ್ಕೆ?" ಎಂದಳು ಅಮ್ಮ.

ಅಮ್ಮ ಆ ಬಾಯಿ ಹೊಲಿದರೆ ಅಕ್ಕನ ಕಾಲ ಮುಗಿಯಿತು ಎಂದು ಅವಳೇ ಹೇಳಿದಂತೆ. ಇದು ಇಬ್ಬರಿಗೂ ಗೊತ್ತಿತ್ತು. ದೊಡ್ಡಮ್ಮ ನಡುಕೋಣೆಯಲ್ಲಿ ಕೂರುವುದನ್ನು ಕಡಿಮೆ ಮಾಡಿದಳು. ಮಧ್ಯಾಹ್ನಗಳಲ್ಲಿ ಆ ಕೋಣೆಯಿಂದ ಕೇಳಿಬರುತ್ತಿದ್ದ ಜಗಳ, ಚಾಡಿ, ನಗು ಯಾವುದೂ ಕೇಳದಾಯಿತು.

ನಾನು ಮಡಿಕೇರಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ, ವಾರದ ಕೊನೆಗೆ ಮನೆಗೆ ಬರುತ್ತೇನೆ. ಸಮಾಧಾನದ ಮಾತು ನನಗೆ ಸುಲಭಕ್ಕೆ ಬರುವುದಿಲ್ಲ. ದೊಡ್ಡಮ್ಮನ ಕೈಗೆ ಒಗ್ಗುವ ಮಿಷಿನ್ ಹುಡುಕಬಹುದು ಅನ್ನಿಸಿತು. ಮೊದಲು ಮನೆಯ ಹಳೆಯ ಕಾಲುಮಿಷಿನ್ನನ್ನೇ ನೋಡಿದೆವು. ಅಮ್ಮ ಕೌದಿಯನ್ನು ಚಾಪೆಯಂತೆ ಸುತ್ತಿ ಒಳಗೆ ತೂರಿಸಿದಳು. ಸೂಜಿಗೂ ಮಿಷಿನ್ನಿನ ಕಂಬಕ್ಕೂ ನಡುವೆ ಇರುವುದು ಗೇಣಿಗಿಂತ ಕಡಿಮೆ ಜಾಗ. ಸುರುಳಿ ಅಲ್ಲಿಯೇ ಸಿಕ್ಕಿಕೊಂಡಿತು. ಕೌದಿಯ ಅಂಚನ್ನು ಯಾವ ಮಿಷಿನ್ನಾದರೂ ಹೊಲಿಯುತ್ತದೆ, ನಡುವನ್ನು ಮುಟ್ಟುವುದೇ ಕಷ್ಟ ಎಂದು ನನಗೆ ಆಗ ತಿಳಿಯಿತು.

ದೊಡ್ಡಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. "ಹೊಟ್ಟೆ ತುಂಬ್ಸಕ್ಕೆ ಬಾಯಿಂದ ಹೋಗ್ಬೇಕು. ನೀವು ಹಿಮ್ಮಡಿಯಿಂದ ಹೊರಟಿದ್ದೀರ," ಎಂದು ಹೇಳಿ ದನದ ಕೊಟ್ಟಿಗೆಗೆ ಹೋದಳು.

ಕುಶಾಲನಗರದ ಹೊಲಿಗೆ ಮಿಷಿನ್ ಅಂಗಡಿಯಲ್ಲಿ ಉದ್ದ ತೋಳಿನದೊಂದು ಬಂದಿದೆ ಎಂದು ಕೇಳಿ ಮೂವರೂ ಹೋದೆವು. ಕೌದಿಯನ್ನು ಗೊಬ್ಬರದ ಖಾಲಿ ಚೀಲ ತೊಳೆದು ಅದರಲ್ಲಿ ತುಂಬಿ ಒಯ್ದೆವು. ದೊಡ್ಡಮ್ಮನಿಗೆ ಬರಲು ಮನಸ್ಸಿರಲಿಲ್ಲ. ಸಂತೆಯಲ್ಲಿ ಒಣಮೀನು ತರುವುದಿದೆ ಎಂದು ಅಮ್ಮ ಹೊರಡಿಸಿದಳು.

ಮಿಷಿನ್ ಅಗಲವಾದ ಮೇಜಿನಲ್ಲಿ ಹುದುಗಿತ್ತು. ತೋಳು ಉದ್ದ, ಕೌದಿ ಸಲೀಸಾಗಿ ಒಳಗೆ ಹೋಯಿತು, ಸೂಜಿ ನೇರವಾಗಿ ನಡುವಿನ ಮೇಲೆ ನಿಂತಿತು. ನನಗೆ ಸಂತೋಷವಾಯಿತು. ಆದರೆ ಇದರಲ್ಲಿ ಮಿಷಿನ್ ಅಲುಗುವುದಿಲ್ಲ, ಬಟ್ಟೆಯನ್ನು ನಾವು ಬೆರಳು ಹರಡಿ ಒತ್ತಿ ಹಿಡಿದು ಬೇಕಾದತ್ತ ಸರಿಸಬೇಕು. ಅಂಗಡಿಯವರು ಬೇರೆ ತುಂಡು ಬಟ್ಟೆ ಕೊಟ್ಟು ದೊಡ್ಡಮ್ಮನನ್ನು ಕೂರಿಸಿದರು. ಬಟ್ಟೆ ಅವಳ ಕೈಯಿಂದ ಜಾರಿ ಜಾರಿ ಹೋಯಿತು, ಅಡಿಯಲ್ಲಿ ದಾರ ಗಂಟುಗಂಟಾಯಿತು.

"ಬೆರಳು ಒತ್ತಬೇಕಮ್ಮಾ. ರೊಟ್ಟಿ ಹಿಟ್ಟು ತಟ್ಟಿ ಹರಡ್ತೀರಲ್ಲ, ಹಾಗೆ," ಎಂದರು ಅವರು.

"ರೊಟ್ಟಿ ಇವಳ್ದು," ಎಂದು ದೊಡ್ಡಮ್ಮ ತಂಗಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ನಾನು ಮುದ್ದೆ ಕಟ್ಟೋಳು."

"ಹಾಗಾದ್ರೆ ಈ ಅಮ್ಮನೇ ಹೊಲೀಲಿ. ಚೆನ್ನಾಗಿ ಬರುತ್ತೆ ಇವರ ಕೈಗೆ."

ನಿಜ, ಅಮ್ಮನ ಕೈಗೆ ಅದು ಚೆನ್ನಾಗಿಯೇ ಬರುತ್ತಿತ್ತು. ಅವಳು ಮಿಷಿನ್ನನ್ನು ಒಮ್ಮೆ ಸವರಿ ನೋಡಿ, "ಬ್ಯಾಡ ಬಿಡಿ, ನಂಗಲ್ಲ ಬೇಕಾಗಿರೋದು," ಎಂದಳು. ಅಂಗಡಿಯವರಿಗೆ ಅರ್ಥವಾಗಲಿಲ್ಲ. ದೊಡ್ಡಮ್ಮ ಆಗಲೇ ಮೆಟ್ಟಿಲಿಳಿದು ಒಣಮೀನಿನ ಕಡೆ ನಡೆದಿದ್ದಳು.

ಆಮೇಲೆ ನಾನು ಫೋನಿನಲ್ಲಿ ಹುಡುಕುತ್ತ ಸಂಪಾಜೆಯ ಒಬ್ಬ ಹೆಂಗಸಿನ ಜಾಹೀರಾತು ಕಂಡೆ. ಆಕೆ ಹೋಮ್‌ಸ್ಟೇಗಳಿಗೆ ರಜಾಯಿ ಹೊಲಿದು ಕೊಡುವವರು. ದೊಡ್ಡ ಮಿಷಿನ್ ತೆಗೆದುಕೊಂಡಿದ್ದರಿಂದ ಮೊದಲಿನ ಚಿಕ್ಕದನ್ನು ಚೌಕಟ್ಟಿನ ಸಮೇತ ಮಾರುವವರಿದ್ದರು. ಅವರು ಕಳಿಸಿದ ವಿಡಿಯೋವನ್ನು ನಾನು ಹಲವು ಸಲ ನೋಡಿದೆ. ಅದರಲ್ಲಿ ಹೊಲಿಯುವವರು ನಿಂತಿದ್ದರು. ಕೈಗಳು ಬಟ್ಟೆಯನ್ನು ಮುಟ್ಟುತ್ತಲೇ ಇರಲಿಲ್ಲ. ಮನೆಯಲ್ಲಿ ಏನೂ ವಿವರಿಸದೆ, ಭಾನುವಾರ ಕೌದಿ ಹಿಡಿದು ಸಂಪಾಜೆಗೆ ಹೋಗೋಣ ಎಂದೆ. ಇಷ್ಟು ದೂರ ಯಾಕೆ ಎಂದು ದೊಡ್ಡಮ್ಮ ಮಡಿಕೇರಿಯವರೆಗೆ ಕೇಳಿದಳು. ಅಲ್ಲಿಂದ ಘಾಟಿ ಇಳಿಯುವಾಗ ತಿರುವುಗಳಲ್ಲಿ ಕಣ್ಣುಮುಚ್ಚಿ ನಿಂಬೆಹಣ್ಣು ಮೂಸುತ್ತ ಸುಮ್ಮನಾದಳು.

ರಸ್ತೆ ಬದಿಯ ಮನೆ, ಹಿಂದೆ ತಗಡಿನ ಶೆಡ್ಡು. ಒಳಗೆ ಸೊಂಟದೆತ್ತರದ ಎರಡು ಚೌಕಟ್ಟುಗಳು, ಒಂದು ಗೋಡೆಯುದ್ದಕ್ಕೂ, ಇನ್ನೊಂದು ಅದರ ಅರ್ಧದಷ್ಟು. ಚೌಕಟ್ಟಿನ ಎರಡು ಬದಿಗೂ ಉರುಳುವ ಕೋಲುಗಳು. ಹೊಲಿಯಬೇಕಾದ್ದನ್ನು ಅವುಗಳಿಗೆ ಸುತ್ತಿ ನಡುವೆ ಬಿಗಿಯಾಗಿ ಎಳೆದು ನಿಲ್ಲಿಸುತ್ತಾರೆ. ಮಿಷಿನ್ ಚಕ್ರಗಳ ಮೇಲೆ ಕೂತಿದೆ, ಹಿಡಿಯಲು ಎರಡು ಹಿಡಿಕೆಗಳಿವೆ.

"ಇದ್ರಲ್ಲಿ ಬಟ್ಟೆ ಇದ್ದಲ್ಲೇ ಇರ್ತದೆ ಅಕ್ಕಾ, ಮಿಷಿನ್ ಓಡಾಡೋದು," ಎಂದರು ಸಂಪಾಜೆಯಾಕೆ.

"ಹಂಗಾದ್ರೆ ನಮ್ ಥರಾನೇ," ಎಂದಳು ದೊಡ್ಡಮ್ಮ. ಆ ದಿನ ಅವಳು ಮಿಷಿನ್ ಬಗ್ಗೆ ಆಡಿದ ಮೊದಲ ಮಾತು ಅದು. ಆದರೂ ಮುಟ್ಟಲಿಲ್ಲ. ಘಾಟಿಯ ತಲೆಸುತ್ತು ಇಳಿಯಲಿ ಎಂದು ಮುಖ ತೊಳೆಯಲು ನಲ್ಲಿಯ ಕಡೆ ಹೋದಳು.

ನಾನು ಚಿಕ್ಕ ಚೌಕಟ್ಟನ್ನು ಟೇಪು ಹಿಡಿದು ಅಳೆಯತೊಡಗಿದೆ. ಅಮ್ಮ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು, ಬಿತ್ತನೆ ಶುಂಠಿ ರಾಶಿಯನ್ನು ಜಗಲಿಗೆ ಹಾಕಿದರೆ ನಡುಕೋಣೆಯಲ್ಲಿ ಇದು ಹಿಡಿಸುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದಳು. ಕಿಟಕಿಗೂ ಪೆಟ್ಟಿಗೆಗೂ ನಡುವಿನ ಅಳತೆಗಾಗಿ ನಾವಿಬ್ಬರೂ ವಾದಿಸುತ್ತಿದ್ದಾಗ ಹಿಂದಿನಿಂದ ಮಿಷಿನ್ ಓಡಿದ ಸದ್ದು ಬಂತು. ತಿರುಗಿ ನೋಡಿದೆವು. ಸಂಪಾಜೆಯಾಕೆ ನಮ್ಮ ಚೀಲದಿಂದ ಕೌದಿ ತೆಗೆದು ದೊಡ್ಡ ಚೌಕಟ್ಟಿಗೆ ಹೂಡಿಬಿಟ್ಟಿದ್ದರು. ಚಕಚಕನೆ ಮಿಷಿನ್ ಓಡಿಸಿ, ನಗುಮುಖದಿಂದ ದಾರ ಕತ್ತರಿಸಿದರು.

"ನಡುವಲ್ಲಿ ಒಂಚೂರು ಬಿಟ್ಟುಹೋಗಿತ್ತು. ಹೊಲಿದು ಕೊಟ್ಟೆ. ಇದಕ್ಕೆಲ್ಲ ದುಡ್ಡು ಎಂತದ್ದೂ ಬೇಡ ಮತ್ತೆ."

ಬಾಗಿಲಲ್ಲಿ ದೊಡ್ಡಮ್ಮ ಒದ್ದೆ ಮುಖದಲ್ಲಿ ನಿಂತಿದ್ದಳು. ಸೆರಗಿನಿಂದ ಒರೆಸಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು.

"ಅಯ್ಯಯ್ಯೋ! ಉಪವಾಸ ಕೆಡವ್ಬಿಟ್ರಲ್ಲವ್ವ ಅದನ್ನ!"

"ಎಂತಾಯ್ತು? ನಾನೆಂತ ಮಾಡಿದೆ?" ಆಕೆ ಗಾಬರಿಯಿಂದ ಹಿಡಿಕೆ ಬಿಟ್ಟರು.

ಅಮ್ಮ ವಿಷಯ ಹೇಳಿದಳು. ಆಕೆ ಬಾಯಿಗೆ ಕೈ ಹಿಡಿದುಕೊಂಡರು. "ಛೇ, ನಂಗೆ ಗೊತ್ತುಂಟಾ! ಒಂದ್ನಿಮಿಷ ನಿಲ್ಲಿ, ಅಕ್ಕಿ ತರ್ತೇನೆ. ನಮ್ಮ ಗದ್ದೇದೇ, ಒಳ್ಳೇ ಅಕ್ಕಿ."

"ನಿಮ್ಮನೆ ಅಕ್ಕಿ ನಿಮ್ಮನೇಗೆ ಇರ್ಲಿ ಕಣವ್ವ. ನಮ್ಮನೆ ಕೌದಿ ನಮ್ಮನೇದೇ ತಿನ್ಬೇಕು," ಎಂದು ದೊಡ್ಡಮ್ಮ ಒಳಗೆ ಬಂದು ಆ ಹೊಲಿಗೆಯ ಮೇಲೆ ಅಂಗೈ ಇಟ್ಟಳು. "ಬಿಚ್ಚೇ ಇದನ್ನ."

"ಬಿಡಕ್ಕ, ಮುಗೀತಲ್ಲ," ಎಂದಳು ಅಮ್ಮ. ಅವಳ ದನಿಯಲ್ಲಿ ಏನೋ ಇತ್ತು. ನಾನು ಟೇಪು ಸುತ್ತುವುದನ್ನು ನಿಲ್ಲಿಸಿ ನೋಡಿದೆ. "ಯಾರಾರ ಹೊಲ್ದು ಮುಗ್ಸಿ ಅತ್ಲಾಗೆ ಅಂತ ವರ್ಷದಿಂದ ಬಡ್ಕೊತಿದ್ದೋಳು ನೀನೇ ಅಲ್ವಾ?"

"ಯಾರಾರ ಅಂದ್ರೆ ಯಾರ್ ಬೇಕಾದ್ರೂ ಅಂತಲ್ಲ!"

"ಮತ್ಯಾರು?"

ದೊಡ್ಡಮ್ಮ ತಂಗಿಯನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಅಮ್ಮ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಲಿಗೆ ಬಿಚ್ಚಲು ಕೂತಳು. ಒಂದು ವರ್ಷ ಅವಳು ಕಾದಿದ್ದು ಈ ಸಿಟ್ಟಿಗಾಗಿ ಎಂದು ನನಗೆ ಅನ್ನಿಸಿತು.

ಸಂಪಾಜೆಯಾಕೆಗೆ ಇನ್ನೂ ಪೇಚಾಟ. ಅದನ್ನು ಮರೆಸಲೆಂದೋ ಏನೋ, ಚಿಕ್ಕ ಚೌಕಟ್ಟಿಗೆ ಒಂದು ಹಳೆಯ ಬೆಡ್‌ಶೀಟು ಹೂಡಿ, "ಬನ್ನಿ ಅಕ್ಕಾ, ನೀವೇ ಒಮ್ಮೆ ಹಿಡೀರಿ. ನನ್ನ ಮೇಲಿನ ಸಿಟ್ಟನ್ನ ಇದರ ಮೇಲೆ ತೀರಿಸಿ," ಎಂದರು.

ದೊಡ್ಡಮ್ಮ ಸಿಟ್ಟಿನಲ್ಲೇ ಹೋಗಿ ಎರಡು ಹಿಡಿಕೆಗಳನ್ನೂ ಮುಷ್ಟಿಯಲ್ಲಿ ಹಿಡಿದಳು. ಕಾಲನ್ನು ಅಗಲಿಸಿ ನೆಲಕ್ಕೆ ಊರಿದಳು. ಈ ಭಂಗಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ದೊಡ್ಡಪ್ಪನ ಮಂಡಿ ಕೆಟ್ಟ ಮೇಲೆ ನಮ್ಮ ಗದ್ದೆಯಲ್ಲಿ ಟಿಲ್ಲರ್ ಓಡಿಸಿದವಳು ಇವಳೇ. ಮೊದಲ ವರ್ಷ ಏರಿಯ ಮೇಲೆ ನಿಂತು ನೋಡಲು ಜನ ಬರುತ್ತಿದ್ದರು.

"ಇದ್ಕೆ ಕ್ಲಚ್ ಎಲ್ಲೈತೆ?" ಎಂದಳು.

ಸಂಪಾಜೆಯಾಕೆ ನಕ್ಕು ಹಿಡಿಕೆಯ ಮೇಲಿನ ಗುಂಡಿ ತೋರಿಸಿದರು. ಮಿಷಿನ್ ಗುಂಯ್ ಎಂದಿತು. ಮೊದಲ ಸಾಲು ಎಲ್ಲೆಲ್ಲೋ ಹೋಯಿತು. ಎರಡನೆಯದು ಸುಧಾರಿಸಿತು. ಆಮೇಲೆ ದೊಡ್ಡಮ್ಮ ನಮ್ಮನ್ನೆಲ್ಲ ಮರೆತಳು. ಬೆಡ್‌ಶೀಟಿನ ಅಂಚು ಬಂದಾಗಲೆಲ್ಲ, ಗದ್ದೆಯ ಬದುವಿಗೆ ಬಂದವಳಂತೆ ತನ್ನಷ್ಟಕ್ಕೆ "ಬದ ಬಂತು" ಎಂದುಕೊಂಡು, ಸೊಂಟ ತಿರುಗಿಸಿ, ಪಕ್ಕದ ಸಾಲು ಹಿಡಿದು ವಾಪಸಾಗುತ್ತಿದ್ದಳು. ಅಮ್ಮ ಬಿಚ್ಚುವ ಕೆಲಸ ಬಿಟ್ಟು ನೋಡುತ್ತಿದ್ದಳು.

"ನೋಡೇ," ಎಂದಳು ದೊಡ್ಡಮ್ಮ ತಲೆ ಎತ್ತದೆ, "ಇದು ಕೆಸರಲ್ಲಿ ಹೂತ್ಕೊಳಲ್ಲ."

ಯಾವ ಮಿಷಿನ್, ಯಾವ ಚೌಕಟ್ಟು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಕುಶಾಲನಗರದ್ದು ಹೊಸದು, ಸದ್ದಿಲ್ಲದ್ದು, ಜಾಗವೂ ಕಡಿಮೆ ಸಾಕು. ಇದು ಹಳೆಯದು, ಒಂದು ಚಕ್ರ ಕಿರುಗುಟ್ಟುತ್ತಿತ್ತು, ಮುಕ್ಕಾಲು ಕೋಣೆ ತಿನ್ನುತ್ತದೆ. ನಾನು ಇವನ್ನೆಲ್ಲ ಹೇಳಲು ಹೋಗಲಿಲ್ಲ. ಹೊರಡುವಾಗ ಸಂಪಾಜೆಯಾಕೆ ಒಂದು ಪೊಟ್ಟಣ ಕಾಳುಮೆಣಸು ಕೊಟ್ಟು, "ಇದನ್ನಾದ್ರೂ ತಿನ್ನಬಹುದಲ್ಲ ನಿಮ್ಮನೇಲಿ?" ಎಂದರು. ದೊಡ್ಡಮ್ಮ ನಕ್ಕು ತೆಗೆದುಕೊಂಡಳು.

ಮರುವಾರ ಪಿಕಪ್ಪಿನಲ್ಲಿ ಅದು ಬಂತು. ಬಿತ್ತನೆ ಶುಂಠಿ ಜಗಲಿಗೆ ಹೋಯಿತು, ದೊಡ್ಡಪ್ಪನ ಕುರ್ಚಿ ಅಂಗಳಕ್ಕೆ. ಚೌಕಟ್ಟು ಜೋಡಿಸಿ ಮಿಷಿನ್ ಕೂರಿಸಿದರೆ ಅದು ತಾನಾಗಿಯೇ ಮೆಲ್ಲಗೆ ಗೋಡೆಯ ಕಡೆ ಉರುಳಿ ಹೋಗತೊಡಗಿತು. ನಮ್ಮ ನಡುಕೋಣೆಯ ನೆಲ ತೊಳೆದ ನೀರು ಹರಿಯಲೆಂದು ಅತ್ತ ವಾಟ ಕೊಟ್ಟು ಮಾಡಿದ್ದು. ಅಳತೆ ಮಾಡಿದ ನನಗಾಗಲಿ, ದಿನಾ ನೆಲ ತೊಳೆಯುವ ಅಮ್ಮನಿಗಾಗಲಿ ಇದು ಹೊಳೆದಿರಲಿಲ್ಲ. "ನೀರು ಹೋಗೋ ಕಡೆಗೇ ಹೋಯ್ತೈತೆ, ಬುದ್ಧಿವಂತ ಮುಂಡೇದು," ಎಂದು ದೊಡ್ಡಮ್ಮ ಮುದ್ದಿನಿಂದ ಬೈದಳು. ಎರಡು ಕಾಲುಗಳ ಕೆಳಗೆ ಹಲಗೆಚೂರು ಕೊಟ್ಟು ಮಟ್ಟ ಮಾಡಿದೆವು.

ಕೌದಿಯನ್ನು ಕೋಲುಗಳಿಗೆ ಸುತ್ತುತ್ತ ಸುತ್ತುತ್ತ ನಡುವನ್ನು ಮೇಲೆ ತಂದು ನಿಲ್ಲಿಸಿದೆವು. ಬಿಚ್ಚಿದ ಬಾಯಿ ಮತ್ತೆ ತೆರೆದುಕೊಂಡಿತ್ತು. ಅಮ್ಮ ತಟ್ಟೆಯಲ್ಲಿ ಅಕ್ಕಿ ತಂದು ಹಿಡಿದಳು. ದೊಡ್ಡಮ್ಮ ಎರಡು ಬೆರಳಿನಲ್ಲಿ ತೆಗೆದುಕೊಳ್ಳಲು ನೋಡಿದಳು, ಕಾಳು ಉದುರಿತು. ಇನ್ನೊಮ್ಮೆ ನೋಡಿದಳು, ಮತ್ತೆ ಉದುರಿತು. ಅಮ್ಮ ತಟ್ಟೆಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಆಗ ದೊಡ್ಡಮ್ಮ ಇಡೀ ಕೈ ಹಾಕಿ, ಮುಷ್ಟಿ ತುಂಬ ಅಕ್ಕಿ ಎತ್ತಿ ಆ ಜೇಬಿಗೆ ಸುರಿದಳು.

"ಅಕ್ಕಾ, ಚಿಟಿಕೆ ಸಾಕು!"

"ಒಂದ್ ವರ್ಷದ ಹಸಿವು ಕಣೇ ಅದ್ಕೆ," ಎಂದು ದೊಡ್ಡಮ್ಮ ಹಿಡಿಕೆ ಹಿಡಿದಳು.

ಮಿಷಿನ್ ಮೆಲ್ಲಗೆ ಹೊರಟಿತು. ಒಂದು ಕಡೆ ಸೂಜಿಗೆ ಅಕ್ಕಿ ಕಾಳು ಸಿಕ್ಕಿ ಟಕ್ ಎಂದಿತು. ಸೂಜಿ ಮುರಿಯಲಿಲ್ಲ, ದೊಡ್ಡಮ್ಮ ನಿಲ್ಲಿಸಲೂ ಇಲ್ಲ. ಹೊಲಿಗೆ ಸುತ್ತು ಬಂದು ಹೊರಟಲ್ಲಿಗೇ ಸೇರಿತು. ದುಂಡಗೆ ಬರಬೇಕಿತ್ತು, ಮಾವಿನಕಾಯಿಯ ಆಕಾರಕ್ಕೆ ಬಂದಿತ್ತು. ಅಮ್ಮ ದಾರ ಕತ್ತರಿಸಿದಳು. ದೊಡ್ಡಮ್ಮ ಆ ಉಬ್ಬಿನ ಮೇಲೆ ಅಂಗೈ ಆಡಿಸಿ, "ಇನ್ನೇನ್ ನೋಡ್ತಾ ನಿಂತಿದ್ದೀಯೆ? ಪೆಟ್ಟಿಗೇಲಿರೋ ಸೀರೆ ತೆಗಿ," ಎಂದು ತಂಗಿಯನ್ನು ಗದರಿಸಿದಳು. ಅಮ್ಮ ತೆಗೆಯುವ ಮೊದಲೇ ಯಾವುದು ಕೆಳಕ್ಕೆ, ಯಾವುದು ಮೇಲಕ್ಕೆ ಎಂದು ಜಗಳ ಶುರುವಾಯಿತು.

ಆ ಕೌದಿಯನ್ನು ನನಗೇ ಕೊಟ್ಟರು. ಮಡಿಕೇರಿಯ ನನ್ನ ಕೋಣೆಯಲ್ಲಿ ಅದನ್ನು ಹೊದ್ದು ಮಲಗಿ ಮಗ್ಗುಲು ಬದಲಿಸಿದರೆ ಹೊಟ್ಟೆಯ ಮೇಲೆ ಅಕ್ಕಿ ಸರಿದ ಸದ್ದು ಕೇಳುತ್ತದೆ. ಚಿಟಿಕೆ ಅಕ್ಕಿಯಾದರೆ ಒಗೆದರೂ ಬೇಗ ಒಣಗುತ್ತಿತ್ತು. ಇಷ್ಟು ಅಕ್ಕಿ ಹಾಕಿಕೊಂಡು ಇದನ್ನು ಒಗೆಯುವುದು ಹೇಗೆ ಎಂದು ಫೋನಿನಲ್ಲಿ ಕೇಳಿದೆ.

ಆ ಕಡೆ ಮಿಷಿನ್ ಗುಂಯ್ಗುಡುತ್ತಿತ್ತು. "ಒಗೀಬ್ಯಾಡ, ಬಿಸ್ಲಿಗೆ ಹಾಕು," ಎಂದು ಕೂಗಿ ಹೇಳಿದಳು ದೊಡ್ಡಮ್ಮ. "ಈಗ ಇಡು ಫೋನು, ಬದ ಬಂತು."